ಕೊಡಗಿನಲ್ಲಿ ಹರಾಜಿನ ಆಸ್ತಿ: ಠೇವಣಿ ಕಟ್ಟುವ ಮುನ್ನ ಮಾಡಬೇಕಾದ ಕೆಲಸ

ಪತ್ರಿಕೆಯಲ್ಲಿ ಬಂದ ಬ್ಯಾಂಕ್ ಹರಾಜು ಪ್ರಕಟಣೆಯ ಫೋಟೊ ತೆಗೆದು ಕಳಿಸಿ ‘ಇದನ್ನು ತಗೊಳ್ಳಬಹುದಾ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೆಲವರು ಮಡಿಕೇರಿ, ಗೋಣಿಕೊಪ್ಪದವರೇ. ಇನ್ನು ಕೆಲವರು ಬೆಂಗಳೂರು, ಮೈಸೂರಿನಲ್ಲಿ ಕೆಲಸದಲ್ಲಿದ್ದು ಊರಿನಲ್ಲೊಂದು ಮನೆ ಮಾಡಿಕೊಳ್ಳಬೇಕೆಂದಿರುವವರು. ಪ್ರಕಟಣೆಯಲ್ಲಿ ಇರುವುದು ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಮೀಸಲು ಬೆಲೆ ಮತ್ತು ತಾರೀಖು. ಅಷ್ಟನ್ನೇ ನೋಡಿ ಹೌದು ಅಥವಾ ಬೇಡ ಎಂದು ಹೇಳಲು ಯಾವ ವಕೀಲರಿಗೂ ಆಗುವುದಿಲ್ಲ. ಹಾಗಾಗಿ ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಬಯಲುಸೀಮೆಯ ಊರಲ್ಲಿ ಹರಾಜಿನ ಆಸ್ತಿಗೆ ಎರಡು ಪ್ರಶ್ನೆ ಮುಖ್ಯ: ಬ್ಯಾಂಕಿಗೆ ಮಾರುವ ಹಕ್ಕು ಸರಿಯಾಗಿ ಬಂದಿದೆಯೇ? ಆಸ್ತಿ ಖಾಲಿ ಇದೆಯೇ? ಕೊಡಗಿನಲ್ಲಿ ಇವೆರಡಕ್ಕಿಂತ ಮೊದಲು ಇನ್ನೊಂದನ್ನು ಕೇಳಬೇಕು: ಈ ನೆಲ ಯಾವ ಹಿಡುವಳಿಯದು? ಜಮ್ಮಾ, ಬಾಣೆ, ಸಾಗು, ಪೈಸಾರಿ ಎಂಬ ಹೆಸರುಗಳನ್ನು ಬ್ಯಾಂಕಿನ ಪ್ರಕಟಣೆ ಅಷ್ಟಾಗಿ ಹೇಳುವುದಿಲ್ಲ. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಬಹಳಷ್ಟು ಸಲ ಅಲ್ಲೇ ಇರುತ್ತದೆ.

ಹಂತ 1: ಹರಾಜು ಹಾಕುತ್ತಿರುವುದು ಯಾರು, ಯಾವ ಕಾನೂನಿನಡಿ?

ಈಗ ಕಾಣುವ ಹರಾಜುಗಳಲ್ಲಿ ಹೆಚ್ಚಿನವು ಸರ್ಫೇಸಿ ಕಾಯ್ದೆಯವು. 2002ರ ಈ ಕಾಯ್ದೆ ಸಾಲ ಕಟ್ಟದವರ ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆದು ಮಾರುವ ಅಧಿಕಾರವನ್ನು ಬ್ಯಾಂಕಿಗೆ ಕೊಡುತ್ತದೆ. ಸಹಕಾರಿ ಬ್ಯಾಂಕುಗಳೂ ಇದನ್ನು ಬಳಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಲೇಖನದ ಮುಖ್ಯ ಭಾಗ ಈ ಬಗೆಯ ಹರಾಜಿನ ಬಗ್ಗೆ.

ಉಳಿದವುಗಳಲ್ಲಿ ಸಿವಿಲ್ ಕೋರ್ಟ್ ಹರಾಜಿನಲ್ಲಿ ಕೂಗಿದ ಮೊತ್ತದ ಶೇ 25ನ್ನು ಅಲ್ಲೇ ಕಟ್ಟಿ, ಉಳಿದುದನ್ನು 15 ದಿನದೊಳಗೆ ಕಟ್ಟಬೇಕು. ಆದರೆ 60 ದಿನದೊಳಗೆ ಸಾಲಗಾರ ಬಾಕಿ ಹಣವನ್ನೂ ನಿಮಗೆ ಶೇ 5 ಪರಿಹಾರವನ್ನೂ ಠೇವಣಿ ಇಟ್ಟರೆ ಮಾರಾಟ ರದ್ದಾಗುತ್ತದೆ. ಸಾಲ ವಸೂಲಾತಿ ನ್ಯಾಯಮಂಡಳಿಯ, ಅಂದರೆ ಡಿಆರ್‌ಟಿಯ, ವಸೂಲಾತಿ ಅಧಿಕಾರಿ ಹಾಕುವ ಹರಾಜಿನ ನಿಯಮಗಳೂ ಸುಮಾರಾಗಿ ಹೀಗೇ ಇವೆ. ಸಹಕಾರ ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಯಡಿಯೂ ಹರಾಜು ಹಾಕಬಹುದು. ಅಲ್ಲಿನ ನಿಯಮಗಳು ಬೇರೆ. ಪ್ರಕಟಣೆಯ ಮೊದಲ ಪ್ಯಾರಾದಲ್ಲೇ ಕಾಯ್ದೆಯ ಹೆಸರಿರುತ್ತದೆ, ಅದನ್ನು ಮೊದಲು ಓದಿ.

ಇಲ್ಲೇ ಒಂದು ಎಚ್ಚರಿಕೆ. ಸರ್ಫೇಸಿ ಕಾಯ್ದೆಯ 31ನೇ ಕಲಂ ಪ್ರಕಾರ ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಗದ್ದೆಯನ್ನು ಈ ಕಾಯ್ದೆಯಡಿ ಹರಾಜಿಗಿಟ್ಟಿದ್ದರೆ ಅದು ವ್ಯಾಜ್ಯಕ್ಕೆ ಆಹ್ವಾನ. ಕಾಫಿ ತೋಟದ ವಿಷಯ ಇನ್ನೂ ಸೂಕ್ಷ್ಮ. ತೋಟವನ್ನು ಕೃಷಿ ಭೂಮಿ ಎನ್ನಬೇಕೇ, ಪ್ಲಾಂಟೇಶನ್ ಎಂದು ಬೇರೆಯಾಗಿ ನೋಡಬೇಕೇ ಎಂಬ ವಾದ ವರ್ಷಗಳಿಂದ ನಡೆದಿದೆ. ತೋಟಗಳ ಹರಾಜಿಗೆ ಬೆಳೆಗಾರರ ಸಂಘಟನೆಗಳು ಬಲವಾಗಿಯೇ ವಿರೋಧಿಸುತ್ತ ಬಂದಿವೆ. ಮೊದಲ ಸಲ ಹರಾಜಿನಲ್ಲಿ ಕೊಳ್ಳುವವರು ತೋಟದ ಗೋಜಿಗೆ ಹೋಗದೆ, ಭೂಪರಿವರ್ತನೆಯಾದ ಜಾಗದ ಮನೆ ಅಥವಾ ಸೈಟಿಗೆ ಸೀಮಿತವಾಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಭೂಪರಿವರ್ತನೆ ಎಂದರೆ ಕೃಷಿ ಜಮೀನನ್ನು ವಾಸಕ್ಕೋ ವಾಣಿಜ್ಯಕ್ಕೋ ಬಳಸಲು ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿಯಿಂದ ಪಡೆಯುವ ಆದೇಶ. ನಮ್ಮಲ್ಲಿ ಇದನ್ನು ‘ಕನ್ವರ್ಷನ್’ ಎಂದೇ ಕರೆಯುತ್ತಾರೆ.

ಹಂತ 2: ನೆಲದ ಹಿಡುವಳಿ ಯಾವುದು?

ಪಹಣಿ ತೆಗೆಯಿರಿ. ಆರ್‌ಟಿಸಿ ಎನ್ನುವುದೂ ಇದನ್ನೇ. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಸಿಗುತ್ತದೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಜಮೀನು ಅವರಿಗೆ ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು ಇರುತ್ತವೆ. ವಿಸ್ತೀರ್ಣ ಇಲ್ಲಿ ಎಕರೆ ಮತ್ತು ಸೆಂಟಿನಲ್ಲಿ. ಗುಂಟೆ ಲೆಕ್ಕಕ್ಕೆ ಒಗ್ಗಿದವರು ಗಮನಿಸಿ: ಎಕರೆಗೆ 40 ಗುಂಟೆ, ಆದರೆ 100 ಸೆಂಟ್. ‘0.40’ ಎಂದು ಕಂಡದ್ದನ್ನು ಒಂದು ಎಕರೆ ಎಂದುಕೊಂಡು ಬೆಲೆ ಲೆಕ್ಕ ಹಾಕಿದವರಿದ್ದಾರೆ.

ಇನ್ನು ಹಿಡುವಳಿಯ ಬಗೆಗಳು.

ಜಮ್ಮಾ ಎಂದರೆ ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ, ಕಡಿಮೆ ಕಂದಾಯದ ಹಿಡುವಳಿ. ಇದು ಮೂಲತಃ ಒಬ್ಬ ವ್ಯಕ್ತಿಯದಲ್ಲ, ಒಕ್ಕದ್ದು, ಅಂದರೆ ಇಡೀ ಕುಟುಂಬದ್ದು. ದಾಖಲೆಯಲ್ಲಿ ಒಬ್ಬ ಪಟ್ಟೆದಾರನ ಹೆಸರಿದ್ದರೂ ಹಕ್ಕುದಾರರು ಹತ್ತಾರು ಮಂದಿ ಇರಬಹುದು, ಅವರಲ್ಲಿ ಅರ್ಧ ಜನ ಊರಲ್ಲೇ ಇರದಿರಬಹುದು. ಪಹಣಿಯ 9ನೇ ಕಾಲಂನಲ್ಲಿ ನಾಲ್ಕೈದು ಹೆಸರು ಒಟ್ಟಿಗಿದ್ದು, ಸಾಲಕ್ಕೆ ಸಹಿ ಹಾಕಿರುವವರು ಒಬ್ಬಿಬ್ಬರೇ ಆಗಿದ್ದರೆ ಅಲ್ಲಿಗೇ ನಿಲ್ಲಿ. ಬ್ಯಾಂಕ್ ಮಾರಲು ಸಾಧ್ಯವಿರುವುದು ಸಾಲಗಾರನ ಹಕ್ಕನ್ನು ಮಾತ್ರ. ಉಳಿದ ಪಾಲುದಾರರು ನಾಳೆ ಪಾಲು ದಾವೆ ಹೂಡಿದರೆ ಪ್ರತಿವಾದಿಯಾಗಿ ನಿಲ್ಲಬೇಕಾದವರು ನೀವು.

ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಇಲ್ಲಿಂದ ಬರಲೆಂದು ಬಿಟ್ಟದ್ದು. ಇಂದು ಹೆಚ್ಚಿನ ಬಾಣೆಗಳು ಕಾಫಿ ತೋಟಗಳಾಗಿವೆ. ಜಮ್ಮಾ ಬಾಣೆಯ ಒಡೆತನದ ಪ್ರಶ್ನೆ ದಶಕಗಳ ಕಾಲ ಕೋರ್ಟಿನಲ್ಲಿ ಓಡಾಡಿತು. ಹಿಡುವಳಿದಾರರ ಹಕ್ಕನ್ನು ಒಪ್ಪುವ ತಿದ್ದುಪಡಿಯನ್ನು ಕೊನೆಗೆ ಭೂಕಂದಾಯ ಕಾಯ್ದೆಗೆ ತರಲಾಯಿತು. ಕಾನೂನು ಬದಲಾದ ಮಾತ್ರಕ್ಕೆ ಹಳೆಯ ಪಹಣಿಗಳೆಲ್ಲ ತಾವಾಗಿ ಸರಿಹೋಗುವುದಿಲ್ಲ. ಬಾಣೆ ಎಂದು ಕಂಡರೆ ಕೊಡಗಿನ ಕಂದಾಯ ದಾಖಲೆ ಬಲ್ಲ ಸ್ಥಳೀಯ ವಕೀಲರಿಗೇ ತೋರಿಸಿ. ಬೆಂಗಳೂರಿನಲ್ಲಿ ಎಷ್ಟೇ ಹೆಸರು ಮಾಡಿದವರಾದರೂ ಇದರಲ್ಲಿ ತಡವರಿಸುತ್ತಾರೆ.

ಸಾಗು ಎಂದರೆ ಪೂರ್ಣ ಕಂದಾಯ ಕಟ್ಟುವ ಸಾಮಾನ್ಯ ಹಿಡುವಳಿ, ಇರುವುದರಲ್ಲಿ ಸರಳ. ಅದರಲ್ಲೂ ಮರದ ಹಕ್ಕು ನೋಡಿ. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ‘ರಿಡೀಮ್ಡ್’, ಇಲ್ಲದಿದ್ದರೆ ‘ಅನ್‌ರಿಡೀಮ್ಡ್’. ಎರಡನೆಯದಾದರೆ ಅಂಗಳದಲ್ಲಿ ನಿಂತ ಬೀಟೆ ಮರವನ್ನು ನಿಮ್ಮದೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಪೈಸಾರಿ ಸರ್ಕಾರಿ ಜಾಗ. ಬ್ರೋಕರ್ ನಿಮ್ಮನ್ನು ಕರೆದುಕೊಂಡು ಹೋಗಿ ಬೇಲಿಯವರೆಗೂ ತೋರಿಸುತ್ತಾನೆ. ಬೇಲಿಯೊಳಗಿರುವ ಒಂದಷ್ಟು ಜಾಗ ಪೈಸಾರಿ ಆಗಿರಬಹುದು, ಹಿಂದಿನವರು ಸಾಗುವಳಿ ಮಾಡಿಕೊಂಡು ಬಂದಿರಬಹುದು. ಹರಾಜಿನಲ್ಲಿ ನಿಮಗೆ ಸಿಗುವುದು ಪ್ರಕಟಣೆಯ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರದಲ್ಲಿ, ಬರೆದಷ್ಟು ಮಾತ್ರ. ಕೃಷಿಗೆ ಬಾರದ್ದೆಂದು ಸರ್ಕಾರ ವಿಂಗಡಿಸಿದ ಸಿ ಮತ್ತು ಡಿ ವರ್ಗದ ಜಮೀನು, ದೇವರಕಾಡಿನ ಅಂಚು, ಮೀಸಲು ಅರಣ್ಯದ ಗಡಿ ಇವೆಲ್ಲ ಇದೇ ಸಾಲಿಗೆ ಬರುತ್ತವೆ.

ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಂಜೂರಾತಿ ಆದೇಶವನ್ನೇ ನೋಡಿ. ಪರಭಾರೆ ಮಾಡಬಾರದೆಂಬ ಅವಧಿ ಅದರಲ್ಲಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು 1978ರ ಪಿಟಿಸಿಎಲ್ ಕಾಯ್ದೆಯಡಿ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರಿದರೆ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಅದನ್ನು ಹಿಂದಿರುಗಿಸಿ ಕೊಡಿ ಎಂದು ಕೇಳಲು ಕಾಲಮಿತಿಯೂ ಇಲ್ಲ. ಇಂಥ ಜಾಗ ಎಷ್ಟು ಅಗ್ಗವಾದರೂ ಬೇಡ.

ಹಂತ 3: ಕಾಗದಪತ್ರ ಜೋಡಿಸಿಕೊಳ್ಳಿ

ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಇಮೇಲ್ ಮಾಡಿ ದಾಖಲೆ ನೋಡಲು ಸಮಯ ಕೇಳಿ. ಹರಾಜಿನ ಜವಾಬ್ದಾರಿ ಹೊತ್ತ ಬ್ಯಾಂಕ್ ಅಧಿಕಾರಿಯನ್ನು ಹಾಗೆ ಕರೆಯುತ್ತಾರೆ, ಹೆಸರು ಮತ್ತು ನಂಬರ್ ಪ್ರಕಟಣೆಯಲ್ಲೇ ಇರುತ್ತದೆ. ಫೋನಿನಲ್ಲಿ ‘ಎಲ್ಲ ಕ್ಲಿಯರ್ ಇದೆ ಸಾರ್’ ಎಂದು ಹೇಳಿದ್ದಕ್ಕೆ ಬೆಲೆ ಇಲ್ಲ. ಕೇಳಬೇಕಾದವು ಇವು: ಸಾಲಗಾರನ ಕ್ರಯಪತ್ರ ಅಥವಾ ಪಾಲುಪತ್ರ, ಬ್ಯಾಂಕಿನ ವಕೀಲರು ಸಾಲ ಕೊಡುವಾಗ ಬರೆದ ಕಾನೂನು ಅಭಿಪ್ರಾಯ, ಮೌಲ್ಯಮಾಪನ ವರದಿ, 60 ದಿನದ ಬೇಡಿಕೆ ನೋಟಿಸ್, ಸ್ವಾಧೀನದ ನೋಟಿಸ್, ಮಾರಾಟದ ಬಗ್ಗೆ ಸಾಲಗಾರನಿಗೆ ಕೊಟ್ಟ 30 ದಿನದ ನೋಟಿಸ್. ಎಲ್ಲವನ್ನೂ ತೋರಿಸಲಿಕ್ಕಿಲ್ಲ. ಆದರೂ ಕೇಳಿ.

ನೋಟಿಸುಗಳು ನಿಮಗೇಕೆ ಎನ್ನಿಸಬಹುದು. ಸಾಲಗಾರ ಡಿಆರ್‌ಟಿಗೆ ಹೋದರೆ ಹರಾಜು ರದ್ದಾಗುವುದು ಹೆಚ್ಚಾಗಿ ನೋಟಿಸಿನ ಲೋಪಗಳಿಂದಲೇ. 2016ರ ತಿದ್ದುಪಡಿಯ ಪ್ರಕಾರ ಹರಾಜು ಪ್ರಕಟಣೆ ಹೊರಬಿದ್ದ ಮೇಲೆ ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಉಳಿಯುವುದಿಲ್ಲ, 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದರೆ ಬ್ಯಾಂಕ್ ಕ್ರಮ ತಪ್ಪಿದೆ ಎಂದು ಪ್ರಶ್ನಿಸುವ ಹಕ್ಕು ಬೇರೆ, ಅದು ಇದ್ದೇ ಇರುತ್ತದೆ. ಕೇಸು ಎದ್ದರೆ ನಿಮ್ಮ ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ.

ನೀವೇ ತೆಗೆಸಬೇಕಾದವು:

– ಋಣಭಾರ ಪ್ರಮಾಣಪತ್ರ, ಅಂದರೆ ಇಸಿ. ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಹಳೆಯ ವರ್ಷಗಳದ್ದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿ ಪಡೆಯಿರಿ. ಕನಿಷ್ಠ 30 ವರ್ಷದ್ದು ಇರಲಿ.
– ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾದ ದಾಖಲೆಯ, ಪ್ರತಿಗಳು, ಸರ್ವೆ ನಕ್ಷೆ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ). ಒಂದೇ ಸರ್ವೆ ನಂಬರಿನಲ್ಲಿ ಹಲವರಿದ್ದು ಪೋಡಿ ಆಗಿರದಿದ್ದರೆ, ಅಂದರೆ ಅಳತೆ ಮಾಡಿ ಪ್ರತ್ಯೇಕ ನಂಬರ್ ಕೊಟ್ಟಿರದಿದ್ದರೆ, ನಿಮ್ಮ ತುಂಡು ಯಾವುದೆಂದು ಕಾಗದದಿಂದ ಗೊತ್ತಾಗುವುದಿಲ್ಲ.
– ಭೂಪರಿವರ್ತನೆ ಆದೇಶ. ಯಾವ ಉದ್ದೇಶಕ್ಕೆ ಎಂದು ಓದಿ.
– ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11, ಪಟ್ಟಣವಾದರೆ ಇ-ಖಾತೆ. ಇವು ಇಲ್ಲದ ಮನೆಯ ನೋಂದಣಿ ಮುಂದೆ ತೊಡಕಾಗುತ್ತದೆ. ಬಿಡ್ ಹಾಕುವ ಮೊದಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.
– ಸಾಲಗಾರ ಮತ್ತು ಜಾಮೀನುದಾರರ ಹೆಸರಿನಲ್ಲಿ ಕೇಸುಗಳ ಹುಡುಕಾಟ. ಇ-ಕೋರ್ಟ್ಸ್‌ನಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ನ್ಯಾಯಾಲಯಗಳು, ಡಿಆರ್‌ಟಿ ಜಾಲತಾಣದಲ್ಲಿ ಬೆಂಗಳೂರಿನ ಪೀಠಗಳು. ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಯಿಸಿ ಎರಡು ಮೂರು ರೀತಿ ಹುಡುಕಿ. ಕೊಡವ ಮನೆತನದ ಹೆಸರುಗಳನ್ನು ಕೋರ್ಟ್ ಗುಮಾಸ್ತರು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ.

ಹಂತ 4: ಜಾಗಕ್ಕೆ ಹೋಗಿ, ಸಾಧ್ಯವಾದರೆ ಮಳೆಯಲ್ಲಿ

ಫೆಬ್ರವರಿಯಲ್ಲಿ ಕಾಫಿ ಹೂವಿನ ಪರಿಮಳದ ನಡುವೆ ನೋಡಿದ ಮನೆಯೇ ಬೇರೆ, ಜುಲೈಯಲ್ಲಿ ನೋಡುವ ಮನೆಯೇ ಬೇರೆ. ಹರಾಜಿನ ತಾರೀಖು ನಿಮ್ಮ ಕೈಯಲ್ಲಿಲ್ಲ, ನಿಜ. ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೆ ಮಳೆಗಾಲ ಬಿಟ್ಟುಹೋದ ಗುರುತುಗಳನ್ನು ಹುಡುಕಿ.

ಮೊದಲು ಮನೆಯ ಹಿಂಬದಿಗೆ ಹೋಗಿ. ಗುಡ್ಡ ಕಡಿದು ಮಾಡಿದ ಬರೆ ಎಷ್ಟು ಎತ್ತರವಿದೆ, ಗೋಡೆಗೂ ಬರೆಗೂ ನಡುವೆ ಎಷ್ಟು ಜಾಗವಿದೆ? ಬರೆಯ ಮೇಲಿನ ಸಿಲ್ವರ್ ಓಕ್ ಮರಗಳು ಮನೆಯತ್ತ ವಾಲಿವೆಯೇ? ಬೇರು ಹೊರಗೆ ಕಾಣುತ್ತಿವೆಯೇ? ಬೇಸಿಗೆಯಲ್ಲೂ ಬರೆಯ ಬುಡದಲ್ಲಿ ಒಂದು ಕಡೆ ಮಾತ್ರ ಹಸಿರು ಪಾಚಿ ಇದ್ದರೆ ಅಲ್ಲಿ ಒಳಗಿನಿಂದ ನೀರು ಬರುತ್ತಿದೆ ಎಂದರ್ಥ. ಮೇಲೆ ಹತ್ತಿ ನೋಡಿ. ನೆಲದಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಬಿರುಕು ಬಿಟ್ಟು, ಅದನ್ನು ಮಣ್ಣು ತುಂಬಿಸಿ ಮುಚ್ಚಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಮನೆಯೊಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಸೀಳು, ಸರಿಯಾಗಿ ಮುಚ್ಚದ ಬಾಗಿಲು ಕೂಡ ಅದೇ ಕಥೆ ಹೇಳುತ್ತವೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಡಿಕೇರಿ ಪಟ್ಟಣದೊಳಗೂ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲಿ ಮನೆಗಳು ಹೋದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಹೊರಗಿನವರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಕುಶಾಲನಗರದ ಕಡೆ ಗುಡ್ಡದ ಭಯವಿಲ್ಲ, ಹೊಳೆಯ ಭಯವಿದೆ. 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿದಾಗ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳಿಗೆ ನೀರು ನುಗ್ಗಿತ್ತು. ಪಕ್ಕದ ಮನೆಯವರನ್ನು ಕೇಳಿ, ನೀರು ಎಲ್ಲಿವರೆಗೆ ಬಂದಿತ್ತೆಂದು ಕಾಂಪೌಂಡ್ ಗೋಡೆ ಮೇಲೆ ಕೈಯಿಟ್ಟೇ ತೋರಿಸುತ್ತಾರೆ.

ಎರಡನೆಯದು ದಾರಿ. ತೋಟದ ನಡುವಿನ ಮನೆಗಳಿಗೆ ಹೋಗುವ ಜೀಪ್ ರಸ್ತೆ ಎಷ್ಟೋ ಕಡೆ ಪಕ್ಕದವರ ತೋಟದ ಮೇಲೆಯೇ ಹೋಗುತ್ತದೆ. ಹಿಂದಿನ ಮಾಲೀಕ ಅವರ ನೆಂಟನಾಗಿದ್ದ, ಬಿಟ್ಟಿದ್ದರು. ನೀವು ಹರಾಜಿನಲ್ಲಿ ಕೊಂಡು ಬಂದವರು, ಮೊದಲ ವಾರವೇ ಗೇಟಿಗೆ ಬೀಗ ಬೀಳಬಹುದು. ಗ್ರಾಮ ನಕ್ಷೆಯಲ್ಲಿ ದಾರಿ ಇದೆಯೇ, ಕ್ರಯಪತ್ರದಲ್ಲಿ ದಾರಿಯ ಹಕ್ಕು ಬರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ನೀರಿನ ವಿಷಯವೂ ಹಾಗೆಯೇ: ಪೈಪ್ ಎಳೆದಿರುವ ಕೆರೆ ಅಥವಾ ತೋಡು ಯಾರ ಜಾಗದಲ್ಲಿದೆ?

ಅಳತೆಗೆ ಖಾಸಗಿ ಸರ್ವೇಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಸರ್ವೆ ನಂಬರ್ ಒಂದು ಕಡೆ, ಮನೆ ಕಟ್ಟಿರುವುದು ಪಕ್ಕದ ನಂಬರಿನಲ್ಲಿ ಎನ್ನುವುದು ಗುಡ್ಡಗಾಡಿನಲ್ಲಿ ಅಪರೂಪವೇನಲ್ಲ.

ಕಟ್ಟಲು, ಲೇಔಟ್ ಮಾಡಲು ಕೊಳ್ಳುವವರಿಗೆ

ಅರ್ಧಕ್ಕೆ ನಿಂತ ಲೇಔಟ್, ಅಸ್ತಿವಾರ ಹಾಕಿ ಬಿಟ್ಟ ರೆಸಾರ್ಟ್ ಆಗಾಗ ಹರಾಜಿಗೆ ಬರುತ್ತವೆ. ಆಸೆ ಹುಟ್ಟಿಸುವುದೂ ಇವೇ, ಸಿಕ್ಕಿಸಿಹಾಕುವುದೂ ಇವೇ. ಕೆಲಸ ಯಾಕೆ ನಿಂತಿತು ಎಂಬುದಕ್ಕೆ ‘ದುಡ್ಡಿಲ್ಲದೆ’ ಎನ್ನುವ ಉತ್ತರ ಸಾಲದು. ಪರಿವರ್ತನೆ ಆದೇಶದ ಷರತ್ತು ಮೀರಿದ್ದಕ್ಕೋ, ನಕ್ಷೆ ಮಂಜೂರಾತಿಯ ಅವಧಿ ಮುಗಿದದ್ದಕ್ಕೋ, ಅರಣ್ಯ ಇಲಾಖೆ ತಕರಾರು ಎತ್ತಿದ್ದಕ್ಕೋ ತಿಳಿಯಬೇಕು. ಜಾಗ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ಸಂಬಂಧಪಟ್ಟ ಯೋಜನಾ ಪ್ರಾಧಿಕಾರ ಮತ್ತು ಪಂಚಾಯಿತಿಗೆ ಹೋಗಿ ಕಡತವನ್ನೇ ನೋಡಿ.

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳು, ನಾಗರಹೊಳೆ ಇವುಗಳ ಸುತ್ತ ಪರಿಸರ ಸೂಕ್ಷ್ಮ ವಲಯವಿದೆ. ಅದರ ಮೇಲೆ, ಪಶ್ಚಿಮ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಲು ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯ ಪಟ್ಟಿಯಲ್ಲಿ ಕೊಡಗಿನ ಗ್ರಾಮಗಳೂ ಇವೆ. ಈ ಕರಡು 2024ರಲ್ಲಿ ಆರನೇ ಸಲ ಹೊರಬಂದಿದೆ. ನಿಮ್ಮ ಗ್ರಾಮದ ಹೆಸರು ಅದರಲ್ಲಿದ್ದರೆ ದೊಡ್ಡ ಕಟ್ಟಡದ ಯೋಜನೆಗೆ ಹಣ ಹಾಕುವ ಮುನ್ನ ಎರಡು ಸಲ ಯೋಚಿಸಿ. ಲೇಔಟ್ 500 ಚದರ ಮೀಟರ್ ಮೀರಿದ್ದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಬೇಕಾಗುತ್ತದೆ. ಹಳೆಯ ಡೆವಲಪರ್ ಆಗಲೇ ಕೆಲವು ಸೈಟುಗಳಿಗೆ ಮುಂಗಡ ತೆಗೆದುಕೊಂಡಿದ್ದರೆ ಆ ಜನ ನಿಮ್ಮ ಬಾಗಿಲಿಗೇ ಬರುತ್ತಾರೆ.

ಪರಿವರ್ತನೆಯಾಗದ ಜಮೀನನ್ನು ‘ಆಮೇಲೆ ಮಾಡಿಸಿಕೊಳ್ಳಬಹುದು’ ಎಂದುಕೊಂಡು ಕೊಳ್ಳಬೇಡಿ. 2018ರ ನಂತರ ಕೊಡಗಿನಲ್ಲಿ ಭೂಪರಿವರ್ತನೆ ಸಲೀಸಾಗಿ ಆಗುವ ಕೆಲಸವಾಗಿ ಉಳಿದಿಲ್ಲ, ಗದ್ದೆಯದಂತೂ ಇನ್ನೂ ಕಷ್ಟ.

ಹಂತ 5: ಸ್ವಾಧೀನ ಯಾರ ಕೈಯಲ್ಲಿದೆ?

ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಅಥವಾ ‘ಭೌತಿಕ ಸ್ವಾಧೀನ’ ಎಂದಿರುತ್ತದೆ. ಮೊದಲನೆಯದರಲ್ಲಿ ಬ್ಯಾಂಕ್ ಗೋಡೆಗೆ ನೋಟಿಸ್ ಅಂಟಿಸಿದೆ ಅಷ್ಟೆ, ಒಳಗೆ ಜನ ಇದ್ದಾರೆ. ಎರಡನೆಯದರಲ್ಲಿ ಬೀಗ ಬ್ಯಾಂಕಿನದು. ಸಾಂಕೇತಿಕವಾದರೆ ಬ್ಯಾಂಕ್ ಸರ್ಫೇಸಿಯ 14ನೇ ಕಲಂ ಅಡಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಅರ್ಜಿ ಹಾಕಿ ಪೊಲೀಸರ ನೆರವಿನಿಂದ ಖಾಲಿ ಮಾಡಿಸಬೇಕು. ಮಾರಿದ ಮೇಲೂ ಬ್ಯಾಂಕ್ ಈ ಅರ್ಜಿ ಹಾಕಬಹುದು. ಕಾಯ್ದೆ ಹೇಳುವುದು 30 ದಿನ, ಕಾರಣ ಬರೆದರೆ 60 ದಿನದೊಳಗೆ ಆದೇಶ ಆಗಬೇಕೆಂದು. ಆದೇಶ ಜಾರಿಯಾಗಲು ಇನ್ನೂ ಕಾಲ ಹಿಡಿಯುತ್ತದೆ. ನೀವಾಗಿ ಹೋಗಿ ಬೀಗ ಒಡೆಯುವ, ಕರೆಂಟ್ ಕಡಿಸುವ ಕೆಲಸಕ್ಕೆ ಕೈ ಹಾಕಬೇಡಿ.

‘ಭೌತಿಕ’ ಎಂದು ಬರೆದಿದ್ದರೂ ಹೋಗಿ ನೋಡಿ. ಕರೆಂಟ್ ಮೀಟರ್ ಓಡುತ್ತಿದೆಯೇ? ಒಲೆಯ ಬೂದಿ ಹೊಸದೇ? ತೋಟದ ಆಸ್ತಿಯಾದರೆ ಲೈನ್ ಮನೆಗಳನ್ನು ಮರೆಯಬೇಡಿ. ಕಾರ್ಮಿಕ ಕುಟುಂಬಗಳು ಅಲ್ಲಿ ತಲೆಮಾರಿನಿಂದ ಇರಬಹುದು, ಅವರ ಕೂಲಿ, ಗ್ರಾಚ್ಯುಟಿ ಬಾಕಿ ಇರಬಹುದು. ಬಂಗಲೆಗೆ ಬೀಗ ಹಾಕಿದ ಬ್ಯಾಂಕ್ ಲೈನ್ ಮನೆಗಳತ್ತ ತಿರುಗಿಯೂ ನೋಡಿರುವುದಿಲ್ಲ.

ಹಂತ 6: ಪೂರ್ತಿ ಲೆಕ್ಕ ಹಾಕಿ

ಒಂದು ಮಾದರಿ ಲೆಕ್ಕ. ಮೀಸಲು ಬೆಲೆ 42 ಲಕ್ಷ ರೂ. ಇದೆಯೆಂದುಕೊಳ್ಳಿ. ಅದಕ್ಕಿಂತ ಕೆಳಗೆ ಬ್ಯಾಂಕ್ ಸಾಮಾನ್ಯವಾಗಿ ಮಾರುವುದಿಲ್ಲ. ಬಿಡ್ ಹಾಕಲು ಕಟ್ಟುವ ಮುಂಗಡ ಠೇವಣಿ, ಅಂದರೆ ಇಎಂಡಿ, ಸಾಮಾನ್ಯವಾಗಿ ಮೀಸಲು ಬೆಲೆಯ ಶೇ 10, ಅಂದರೆ 4.20 ಲಕ್ಷ. ನಿಮಗೆ 46 ಲಕ್ಷಕ್ಕೆ ನಿಂತಿತು. ಅದರ ಶೇ 25 ಎಂದರೆ 11.50 ಲಕ್ಷ. ಠೇವಣಿ ಕಳೆದು 7.30 ಲಕ್ಷವನ್ನು ಅದೇ ದಿನ ಅಥವಾ ಹೆಚ್ಚೆಂದರೆ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ 34.50 ಲಕ್ಷಕ್ಕೆ ಮಾರಾಟ ದೃಢೀಕರಣದಿಂದ 15 ದಿನ.

ಆಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್, ನೋಂದಣಿ ಶುಲ್ಕ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಸುಮಾರು ಶೇ 7.6 ಎಂದು ಹಿಡಿದರೆ 3.50 ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಕಡಿತ ಮಾಡಿ ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು ನಿಮ್ಮ ಹೊಣೆ. ಯಾರ ಪ್ಯಾನ್ ನಂಬರಿಗೆ ಕಟ್ಟಬೇಕೆಂದು ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಇನ್ನು ಬಾಕಿಗಳು. ಹರಾಜಿನ ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿನ ಮೇಲೆ ಮಾರುತ್ತಾರೆ. ಅಂದರೆ ಆಸ್ತಿಯ ಕುಂದುಕೊರತೆ, ಬಾಕಿ ಎಲ್ಲ ಕೊಂಡವರ ತಲೆಗೆ. ಪಂಚಾಯಿತಿ ಕಂದಾಯ, ನೀರಿನ ಬಿಲ್ ಮತ್ತು ವಿದ್ಯುತ್ ಕಂಪನಿ ಸೆಸ್ಕ್‌ನ ಕರೆಂಟ್ ಬಾಕಿ ನೋಡಿ. ಹಿಂದಿನವರ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕರಿಂದ ವಸೂಲಿ ಮಾಡಲು ನಿಯಮಗಳಿದ್ದರೆ ಅದು ಸರಿಯೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯ ದುರಸ್ತಿಗೆ, ವಕೀಲರಿಗೆ, ಖಾಲಿ ಮಾಡಿಸುವ ತಿಂಗಳುಗಳ ಬಡ್ಡಿಗೆ ಹಣ ತೆಗೆದಿಡಿ. ಇದನ್ನೆಲ್ಲ ಕೂಡಿಸಿದ ಮೇಲೂ ಮಾರುಕಟ್ಟೆ ಬೆಲೆಗಿಂತ ಶೇ 20ರಷ್ಟಾದರೂ ಕಡಿಮೆ ಬೀಳದಿದ್ದರೆ, ಸಾಮಾನ್ಯ ಕ್ರಯಕ್ಕೆ ಕೊಳ್ಳುವುದೇ ಲೇಸು ಎಂಬುದು ನನ್ನ ಲೆಕ್ಕ.

ಸಾಲ ತೆಗೆದು ಕೊಳ್ಳುವವರು ಹರಾಜಿಗೆ ಮೊದಲೇ ಮಂಜೂರಾತಿ ಪಡೆದಿರಬೇಕು. ಗೆದ್ದ ಮೇಲೆ ಅರ್ಜಿ ಹಾಕಿದರೆ 15 ದಿನದಲ್ಲಿ ಕಾನೂನು ಪರಿಶೀಲನೆಯೇ ಮುಗಿಯುವುದಿಲ್ಲ. ಹರಾಜು ಹಾಕುತ್ತಿರುವ ಬ್ಯಾಂಕನ್ನೇ ಕೇಳಿ ನೋಡಿ, ಕಡತ ಅವರ ಬಳಿಯೇ ಇರುತ್ತದೆ.

ಹಂತ 7: ನೋಂದಣಿ ಮತ್ತು ಬಿಡ್

ಸರ್ಕಾರಿ ಬ್ಯಾಂಕುಗಳ ಹರಾಜು ಈಗ ಬ್ಯಾಂಕ್‌ನೆಟ್ ಎಂಬ ಜಾಲತಾಣದಲ್ಲಿ ನಡೆಯುತ್ತದೆ. ಮೊಬೈಲ್, ಇಮೇಲ್, ಪ್ಯಾನ್ ಕೊಟ್ಟು ಕೆವೈಸಿ ಮುಗಿಸಿ, ಅಲ್ಲಿನ ವ್ಯಾಲೆಟ್‌ಗೆ ಠೇವಣಿ ಹಾಕಬೇಕು. ಕೊನೆಯ ದಿನಕ್ಕೆ ಕಾಯಬೇಡಿ. ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಯಾವಾಗ ಹೋಗುತ್ತವೆಂದು ಕೊಡಗಿನವರಿಗೆ ಗೊತ್ತು. ಹರಾಜಿನ ದಿನ ನೆಟ್ ಗಟ್ಟಿ ಇರುವ ಪೇಟೆಯಲ್ಲಿ ಕುಳಿತುಕೊಳ್ಳಿ, ಇನ್ನೊಂದು ಕಂಪನಿಯ ಸಿಮ್ ಕೈಯಲ್ಲಿರಲಿ. ಯಾರ ಹೆಸರಿಗೆ ಆಸ್ತಿ ಬೇಕೋ ಅವರ ಹೆಸರಿನಲ್ಲೇ ನೋಂದಾಯಿಸಿ. ಗೆದ್ದ ಮೇಲೆ ಹೆಂಡತಿಯ ಹೆಸರು ಸೇರಿಸಿ ಎಂದರೆ ಬ್ಯಾಂಕ್ ಒಪ್ಪಬೇಕೆಂದಿಲ್ಲ.

ಗರಿಷ್ಠ ಮೊತ್ತವನ್ನು ಹಿಂದಿನ ದಿನವೇ ಕಾಗದದಲ್ಲಿ ಬರೆದಿಡಿ. ಕೊನೆಯ ಕೆಲವು ನಿಮಿಷಗಳಲ್ಲಿ ಬಿಡ್ ಬಂದರೆ ಅವಧಿ ತಾನಾಗಿ ವಿಸ್ತರಿಸುತ್ತ ಹೋಗುತ್ತದೆ. ಅವನು ಇಪ್ಪತ್ತೈದು ಸಾವಿರ ಏರಿಸಿದ, ನಾನೂ ಇಪ್ಪತ್ತೈದು ಸಾವಿರ ಏರಿಸಿದೆ ಎನ್ನುತ್ತ ಐದಾರು ಲಕ್ಷ ಮೇಲೆ ಹೋದದ್ದೇ ತಿಳಿಯುವುದಿಲ್ಲ. ಯಾರೂ ಬಿಡ್ ಹಾಕದಿದ್ದರೆ ಬ್ಯಾಂಕ್ ಮತ್ತೆ ಹರಾಜು ಕರೆಯುತ್ತದೆ, ಆಗ ಪ್ರಕಟಣೆಯ ಅವಧಿ 15 ದಿನ ಸಾಕು, ಮೀಸಲು ಬೆಲೆಯನ್ನೂ ಇಳಿಸಬಹುದು. ಕಾಯುವ ತಾಳ್ಮೆ ಇರುವವರಿಗೆ ಎರಡನೇ ಸುತ್ತು ಒಳ್ಳೆಯದು. ಆದರೆ ಮೂರು ನಾಲ್ಕು ಸಲ ಕರೆದರೂ ಯಾರೂ ಮುಟ್ಟದ ಆಸ್ತಿಯಾದರೆ ಊರಿನವರಿಗೆ ಏನೋ ಗೊತ್ತಿದೆ ಎಂದು ತಿಳಿಯಿರಿ.

ಹಂತ 8: ಗಡುವಿನೊಳಗೆ ಹಣ

ಇದರಲ್ಲಿ ವಿವರಿಸುವುದು ಹೆಚ್ಚಿಲ್ಲ, ತಪ್ಪಿದರೆ ಮಾತ್ರ ನಷ್ಟ ದೊಡ್ಡದು. 15 ದಿನದ ಗಡುವನ್ನು ಬ್ಯಾಂಕ್ ಒಪ್ಪಿದರೆ ವಿಸ್ತರಿಸಬಹುದು, ಅದೂ ಲಿಖಿತವಾಗಿ, ಒಟ್ಟು 3 ತಿಂಗಳು ಮೀರದಂತೆ. ಕಟ್ಟದಿದ್ದರೆ ಶೇ 25 ಮುಟ್ಟುಗೋಲಾಗುತ್ತದೆ, ಇಡೀ ಮೊತ್ತ. ಬ್ಯಾಂಕ್ ಆಮೇಲೆ ಅದೇ ಆಸ್ತಿಯನ್ನು ಹೆಚ್ಚಿನ ಬೆಲೆಗೆ ಮಾರಿ ನಷ್ಟವೇ ಆಗದಿದ್ದರೂ ವಾಪಸ್ ಕೊಡಬೇಕಿಲ್ಲವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಸಾಲ ಮಂಜೂರಾಗಲಿಲ್ಲ ಎನ್ನುವುದನ್ನು ಕಾರಣವಾಗಿ ಒಪ್ಪುವುದಿಲ್ಲ.

ಹಂತ 9: ಮಾರಾಟ ಪ್ರಮಾಣಪತ್ರದಿಂದ ಖಾತೆವರೆಗೆ

ಪೂರ್ತಿ ಹಣ ಕಟ್ಟಿದ ಮೇಲೆ ಅಧಿಕೃತ ಅಧಿಕಾರಿ ಮಾರಾಟ ಪ್ರಮಾಣಪತ್ರ ಕೊಡುತ್ತಾರೆ. ಹರಾಜಿನಲ್ಲಿ ಕ್ರಯಪತ್ರದ ಜಾಗಕ್ಕೆ ನಿಲ್ಲುವುದು ಇದೇ. ಸಹಿ ಆಗುವ ಮೊದಲು ಕರಡು ಕೇಳಿ ಓದಿ: ಸರ್ವೆ ನಂಬರ್, ಸೆಂಟ್ ಲೆಕ್ಕ, ಚಕ್ಕುಬಂದಿ, ನಿಮ್ಮ ಹೆಸರಿನ ಅಕ್ಷರ, ಋಣಭಾರದ ಬಗ್ಗೆ ಬರೆದಿರುವುದು. ಆಮೇಲೆ ತಿದ್ದಿಸಲು ಹೋದರೆ ಆ ಅಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ.

ಇಂಥ ಪ್ರಮಾಣಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ, ಪ್ರತಿಯನ್ನು ಉಪನೋಂದಣಾಧಿಕಾರಿಗೆ ಕಳಿಸಿ ಅಲ್ಲಿನ ಪುಸ್ತಕದಲ್ಲಿ ಸೇರಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ ತೀರ್ಪುಗಳಿವೆ. ನನ್ನ ಸಲಹೆ ಕೇಳಿದರೆ ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿ ಮಾಡಿಸಿಬಿಡಿ. ಮುಂದೆ ಸಾಲ ಎತ್ತುವಾಗ, ಮಾರುವಾಗ, ಖಾತೆ ಬದಲಾವಣೆಗೆ ಹೋದಾಗ ಪ್ರತಿ ಮೇಜಿನಲ್ಲೂ ಮೊದಲು ಕೇಳುವುದು ನೋಂದಣಿ ಸಂಖ್ಯೆಯನ್ನೇ.

ಬ್ಯಾಂಕಿನಿಂದ ಒಟ್ಟಿಗೆ ಪಡೆಯಬೇಕಾದವು: ಮೂಲ ಕ್ರಯಪತ್ರಗಳು, ಸ್ವಾಧೀನ ಹಸ್ತಾಂತರ ಪತ್ರ, ಪಹಣಿಯ 11ನೇ ಕಾಲಂನಲ್ಲಿರುವ ಸಾಲದ ನಮೂದು ತೆಗೆಯಲು ತಹಶೀಲ್ದಾರರಿಗೆ ಪತ್ರ, ಕೇಂದ್ರದ ಅಡಮಾನ ದಾಖಲಾತಿಯಾದ ಸೆರ್ಸಾಯ್‌ನಲ್ಲಿ ನಮೂದು ರದ್ದು ಮಾಡಿಸಿದ ದಾಖಲೆ. ಈ ಕೊನೆಯದನ್ನು ಬ್ಯಾಂಕುಗಳು ಮರೆಯುತ್ತವೆ, ವರ್ಷಗಳ ನಂತರ ನೀವು ಸಾಲಕ್ಕೆ ಹೋದಾಗ ಅದು ಎದ್ದುಬರುತ್ತದೆ.

ನಂತರ ಮ್ಯುಟೇಶನ್, ಪಂಚಾಯಿತಿ ಅಥವಾ ಪುರಸಭೆಯ ಖಾತೆ, ಸೆಸ್ಕ್ ಮೀಟರಿನ ಹೆಸರು ಬದಲಾವಣೆ. ಮ್ಯುಟೇಶನ್‌ಗೆ ತಕರಾರು ಬಂದರೆ ಗಾಬರಿ ಬೇಡ, ನೋಟಿಸಿಗೆ ಉತ್ತರ ಕೊಡದೆ ಇರಲೂ ಬೇಡ. ನಾಡಕಚೇರಿಯಿಂದ ನೋಟಿಸ್ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಬೆಂಗಳೂರಿನಲ್ಲಿರುವವರು ಅರ್ಜಿಯಲ್ಲಿ ತಾವು ನಿಜವಾಗಿ ವಾಸವಿರುವ ವಿಳಾಸ, ಫೋನ್ ನಂಬರ್ ಕೊಡಿ. ಬೀಗದ ಕೈ ಸಿಕ್ಕ ದಿನವೇ ಪ್ರತಿ ಕೋಣೆಯ, ನಾಲ್ಕೂ ಗಡಿಯ, ಮೀಟರ್ ರೀಡಿಂಗಿನ ವಿಡಿಯೊ ಮಾಡಿಟ್ಟುಕೊಂಡು ಬೀಗಗಳನ್ನು ಬದಲಾಯಿಸಿ. ಮಳೆ ಶುರುವಾಗುವ ಮುಂಚೆ ಬರೆಯ ಮೇಲಿನ ಚರಂಡಿ ಬಿಡಿಸಲು ಆಳು ಗೊತ್ತು ಮಾಡಿ.